ಶೀತ ವಾಯುಮುಖಗಳೂ ಹಿನ್ನೀರಿನ ಗಾಳದ ಬೇಟೆಯೂ: ದಕ್ಷಿಣ ಫ್ಲಾರಿಡಾದ ಒಂದು ನಿದರ್ಶನ

ಗಾಳ ಹಾಕಿ ಮೀನು ಹಿಡಿಯುವ ವಿನೋದವು ವಿಶ್ವವಿದ್ಯಾನಿಲಯದ ಸಂಶೋಧನ ಪತ್ರಿಕೆಯಲ್ಲಿ ಚರ್ಚಿಸಲು ಯೋಗ್ಯವಾದ ವಿಷಯವೇ ಎಂದು ಕೆಲವು ವಾಚಕರು ಸಂದೇಹಪಡಬಹುದು. ಆದರೆ ಈ ವಿನೋದವೇ ಒಂದು ಕಸುಬಾಗಿ, ಆ ಕಸುಬಿನ ಜನರು ದಿನದಿನವೂ ಗಾಳಿಯ ದಿಕ್ಕು, ನೀರಿನ ಉಷ್ಣತೆ, ಉಬ್ಬರ ಇಳಿತಗಳ ವೇಳೆ, ಮೀನಿನ ಇರವು ಇವುಗಳನ್ನು ಗಮನಿಸುತ್ತ ಬಂದಿರುವ ಕಡೆ, ಪ್ರಾಣಿಶಾಸ್ತ್ರದ ಮತ್ತು ಭೂಗೋಳಶಾಸ್ತ್ರದ ವಿದ್ಯಾರ್ಥಿಗಳು ಕಲಿಯತಕ್ಕದ್ದು ಬಹಳವಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಫ್ಲಾರಿಡಾ ಪರ್ಯಾಯದ್ವೀಪದ ದಕ್ಷಿಣ ತುದಿ ಅಂತಹ ಒಂದು ಸ್ಥಳ. ಅಲ್ಲಿ ಚಳಿಗಾಲದಲ್ಲಿ ಪ್ರವಾಸಿಗಳನ್ನು ಸಣ್ಣ ದೋಣಿಗಳಲ್ಲಿ ಕರೆದೊಯ್ದು ಮೀನು ತೋರಿಸುವ ಮಾರ್ಗದರ್ಶಿಗಳಿದ್ದಾರೆ. ಅವರ ಕೆಲಸದ ಕಾಲವೂ ಉತ್ತರದಿಂದ ಶೀತ ವಾಯುಮುಖಗಳು ಒಂದರ ಹಿಂದೊಂದು ಇಳಿದು ಬರುವ ಕಾಲವೂ ಒಂದೇ ಆಗಿರುವುದು ಈ ಲೇಖನದ ವಿಷಯ.

ಮೊದಲು ಸ್ಥಳದ ಪರಿಚಯ. ಫ್ಲಾರಿಡಾದ ಮುಖ್ಯ ಭೂಭಾಗಕ್ಕೂ ಅದರ ದಕ್ಷಿಣಕ್ಕೆ ಬಿಲ್ಲಿನಂತೆ ಬಾಗಿರುವ ಕೀಸ್ ದ್ವೀಪಮಾಲೆಗೂ ನಡುವೆ ಫ್ಲಾರಿಡಾ ಕೊಲ್ಲಿ ಇದೆ. ಇದರ ವಿಸ್ತಾರ ಸುಮಾರು 2,200 ಚದರ ಕಿಲೋಮೀಟರು; ಸರಾಸರಿ ಆಳವಾದರೋ ಒಂದು ಮೀಟರಿನ ಆಸುಪಾಸು ಮಾತ್ರ. ಕೆಸರು ದಿಬ್ಬಗಳು ಬಲೆಯ ಹೆಣಿಗೆಯಂತೆ ಹರಡಿ ಕೊಲ್ಲಿಯನ್ನು ಹತ್ತಾರು ತಟ್ಟೆಗಳಾಗಿ ಒಡೆದಿವೆ. ಪಶ್ಚಿಮಕ್ಕೆ ತಿರುಗಿದರೆ ವೈಟ್‌ವಾಟರ್ ಕೊಲ್ಲಿ, ಶಾರ್ಕ್ ನದಿ, ಅದರಾಚೆಗೆ ಕಾಂಡ್ಲಾ ಕಾಡಿನ ಅಸಂಖ್ಯ ನಡುಗಡ್ಡೆಗಳಿಂದ ಕೂಡಿದ 'ಹತ್ತು ಸಾವಿರ ದ್ವೀಪಗಳು' ಎಂಬ ಪ್ರದೇಶ. ಇದರ ಬಹುಭಾಗವು 1947ರಲ್ಲಿ ಸ್ಥಾಪಿತವಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ತೆರೆದ ಕಡಲಿಗೆ ಬೆನ್ನುಮಾಡಿರುವ ಈ ಒಳನೀರುಗಳನ್ನು ಅಲ್ಲಿನವರು 'ಬ್ಯಾಕ್‌ಕಂಟ್ರಿ' ಎನ್ನುತ್ತಾರೆ. ನಮ್ಮ 'ಹಿನ್ನೀರು' ಎಂಬ ಮಾತು ಇದಕ್ಕೆ ಸಾಕಷ್ಟು ಹತ್ತಿರವಾದುದು. ಅಘನಾಶಿನಿಯ ಅಳಿವೆಯನ್ನು ಕಂಡವರಿಗೆ ಈ ನೋಟ ತೀರ ಅಪರಿಚಿತವಾಗಿ ತೋರಲಾರದು: ಅದೇ ಕಾಂಡ್ಲಾ ಬೇರುಗಳು, ಅದೇ ಸಿಗಡಿ, ಇಳಿತದಲ್ಲಿ ಬಯಲಾಗುವ ಅದೇ ಕಪ್ಪು ಕೆಸರು.

ಆದರೆ ಒಂದು ಭೇದವುಂಟು. ಉಳಿದೆಲ್ಲವೂ ಅದರಿಂದಲೇ ಹುಟ್ಟುತ್ತದೆ. ಅಘನಾಶಿನಿಯಲ್ಲಿ ನೀರು ಮೀನನ್ನು ಕೊಲ್ಲುವಷ್ಟು ತಣ್ಣಗಾಗುವುದೆಂಬುದಿಲ್ಲ. ಫ್ಲಾರಿಡಾದಲ್ಲಿ ಆಗುತ್ತದೆ.

ಇದಕ್ಕೆ ಅಕ್ಷಾಂಶವೊಂದೇ ಕಾರಣವಲ್ಲ. ಉದ್ಯಾನದ ದಕ್ಷಿಣ ತುದಿಯ ಫ್ಲಮಿಂಗೊ ಎಂಬ ಠಾಣೆಯು ಸುಮಾರು 25 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಭರತಖಂಡದಲ್ಲಿ ಪಾಟ್ನಾ ನಗರವಿರುವುದೂ ಹೆಚ್ಚುಕಡಮೆ ಅದೇ ಅಕ್ಷಾಂಶದಲ್ಲಿಯೇ. ಆದರೆ ನಮ್ಮ ಉತ್ತರಕ್ಕೆ ಹಿಮಾಲಯವು ಅಡ್ಡಗೋಡೆಯಂತೆ ನಿಂತು ಮಧ್ಯ ಏಷ್ಯದ ಶೀತವಾಯುವನ್ನು ತಡೆಯುತ್ತದೆ. ಉತ್ತರ ಅಮೆರಿಕದ ದೊಡ್ಡ ಪರ್ವತಶ್ರೇಣಿಗಳೆಲ್ಲ ಉತ್ತರ ದಕ್ಷಿಣವಾಗಿ ಹಾಯ್ದಿವೆ. ಕೆನಡಾದ ಹಿಮಬಯಲಿನಲ್ಲಿ ರೂಪುಗೊಂಡ ವಾಯುರಾಶಿಯು ಮಿಸಿಸಿಪ್ಪಿಯ ಬಯಲನ್ನು ಹಿಡಿದು ಮೆಕ್ಸಿಕೊ ಕೊಲ್ಲಿಯವರೆಗೆ ಇಳಿದು ಬರಲು ಅಡ್ಡಿಯೇ ಇಲ್ಲ. ನಡುಚಳಿಗಾಲದಲ್ಲಿ ಹೆಚ್ಚುಕಡಮೆ ವಾರಕ್ಕೊಂದರಂತೆ ಇಂತಹ ವಾಯುರಾಶಿಯ ಮುಂಚೂಣಿ ದಕ್ಷಿಣ ಫ್ಲಾರಿಡಾವನ್ನು ಹಾಯುತ್ತದೆ. ಈ ಮುಂಚೂಣಿಯೇ ಶೀತ ವಾಯುಮುಖ. ಬಹುಪಾಲು ವಾಯುಮುಖಗಳು ಅಲ್ಲಿಗೆ ತಲಪುವ ವೇಳೆಗೆ ಸೊರಗಿ, ಒಂದೆರಡು ದಿನ ಗಾಳಿ ಬದಲಿಸಿ ಮಾಯವಾಗುತ್ತವೆ. ಕೆಲವು ಮಾತ್ರ ಬಲವಾಗಿಯೇ ಬರುತ್ತವೆ. 1977ರ ಜನವರಿ 19ರಂದು ಮಯಾಮಿ ನಗರದಲ್ಲಿ ಹಿಮದ ಹಳಕುಗಳು ಉದುರಿದುವೆಂದರೆ ಅವುಗಳ ಬಲವನ್ನು ಊಹಿಸಬಹುದು.

ವಾಯುಮುಖವು ಹಾಯುವ ಕ್ರಮ ಬಹುಮಟ್ಟಿಗೆ ನಿಯತವಾದುದು. ಅದು ಸಮೀಪಿಸುವಾಗ ಪೂರ್ವ ಅಥವಾ ಆಗ್ನೇಯದಿಂದ ಬೀಸುತ್ತಿದ್ದ ಗಾಳಿ ದಕ್ಷಿಣಕ್ಕೂ ಅಲ್ಲಿಂದ ನೈಋತ್ಯಕ್ಕೂ ತಿರುಗುತ್ತದೆ, ವಾಯುಭಾರ ಇಳಿಯುತ್ತದೆ, ಹವೆ ಬೆಚ್ಚಗೆ ಜಿಗುಟಾಗುತ್ತದೆ. ಮೋಡದ ಸಾಲೊಂದು ಹಾಯ್ದು ಮಳೆ ಸುರಿಸಿದ ಬಳಿಕ ಗಾಳಿ ಒಮ್ಮೆಗೇ ವಾಯವ್ಯಕ್ಕೆ ಹೊರಳುತ್ತದೆ, ಆಕಾಶ ತಿಳಿಯಾಗುತ್ತದೆ, ವಾಯುಭಾರ ಏರತೊಡಗುತ್ತದೆ. ಮುಂದಿನ ಎರಡು ಮೂರು ದಿನಗಳಲ್ಲಿ ಗಾಳಿ ಉತ್ತರ, ಈಶಾನ್ಯಗಳನ್ನು ಹಾದು ಮತ್ತೆ ಪೂರ್ವಕ್ಕೆ ಬರುವಷ್ಟರಲ್ಲಿ ಹವೆ ಬೆಚ್ಚಗಾಗುತ್ತದೆ. ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುವ ಈ ಸುತ್ತನ್ನು ಮಾರ್ಗದರ್ಶಿಯು ಪಂಚಾಂಗದಂತೆ ಓದುತ್ತಾನೆ.

ಇಷ್ಟು ಬೇಗ ನೀರು ತಣಿಯುವುದೇಕೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ವಾಯುಮುಖದ ಹಿಂದೆ ಬರುವ ಗಾಳಿ ತಣ್ಣನೆಯದು ಮಾತ್ರವಲ್ಲ, ಬಹಳ ಒಣಗಿದುದು. ಆದುದರಿಂದ ನೀರು ಗಾಳಿಗೆ ನೇರವಾಗಿ ಶಾಖವನ್ನು ಕೊಡುವುದರ ಜೊತೆಗೆ ಆವಿಯಾಗಿಯೂ ಬಹಳಷ್ಟು ಶಾಖವನ್ನು ಕಳೆದುಕೊಳ್ಳುತ್ತದೆ. ನಿರ್ಮಲವಾದ ರಾತ್ರಿಯಲ್ಲಿ ವಿಕಿರಣದಿಂದಲೂ ನಷ್ಟವುಂಟು. ಇವೆಲ್ಲ ಸೇರಿ, ಹಗಲಿನ ಬಿಸಿಲಿನ ಗಳಿಕೆಯನ್ನು ಕಳೆದು, ಒಂದು ಚದರ ಮೀಟರು ಮೇಲ್ಮೈಯಿಂದ ಸರಾಸರಿ 200 ವ್ಯಾಟ್ ಶಾಖ ಹೊರಹೋಗುತ್ತದೆಂದು ಇಟ್ಟುಕೊಳ್ಳೋಣ. ಒಂದು ದಿನದಲ್ಲಿ ಇದು ಸುಮಾರು 1 ಕೋಟಿ 73 ಲಕ್ಷ ಜೂಲ್ ಆಗುತ್ತದೆ. ಒಂದು ಮೀಟರು ಆಳದ ನೀರಿನಲ್ಲಿ ಆ ಚದರ ಮೀಟರಿನ ಕೆಳಗಿರುವುದು 1,000 ಕಿಲೋಗ್ರಾಂ ನೀರು. ಅದನ್ನು ಒಂದು ಡಿಗ್ರಿ ತಣಿಸಲು ಹೋಗಬೇಕಾದುದು ಸುಮಾರು 42 ಲಕ್ಷ ಜೂಲ್. ಭಾಗಿಸಿದರೆ ದಿನಕ್ಕೆ ನಾಲ್ಕು ಡಿಗ್ರಿ ಸೆಂಟಿಗ್ರೇಡಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಇದೇ ನಷ್ಟವನ್ನು ಅರ್ಧ ಮೀಟರಿನ ಕೆಸರು ಬಯಲಿಗೆ ಅನ್ವಯಿಸಿದರೆ ಎಂಟು ಡಿಗ್ರಿ. ಮೂರು ಮೀಟರು ಆಳದ ನದೀತಿರುವಿಗೆ ಅನ್ವಯಿಸಿದರೆ ಒಂದೂವರೆ ಡಿಗ್ರಿಗೂ ಕಡಮೆ. ಹತ್ತು ಮೀಟರಿನ ಕಡಲಿಗೆ ಅರ್ಧ ಡಿಗ್ರಿಯೂ ಇಲ್ಲ. ವಾಸ್ತವದಲ್ಲಿ ನೀರು ತಣಿದಂತೆ ನಷ್ಟದ ವೇಗವೂ ತಗ್ಗುವುದರಿಂದ ಈ ಸಂಖ್ಯೆಗಳನ್ನು ಮೊದಲ ದಿನಕ್ಕೆ ಮಾತ್ರ ಸರಿಯೆಂದು ತಿಳಿಯಬೇಕು. ಆದರೂ ಮುಖ್ಯ ವಿಷಯ ಇದರಿಂದ ಸ್ಪಷ್ಟವಾಗುತ್ತದೆ: ಒಂದೇ ಗಾಳಿ, ಒಂದೇ ರಾತ್ರಿ, ಒಂದೇ ಅಳಿವೆ, ಆದರೆ ನೂರು ಗಜಗಳ ಅಂತರದಲ್ಲಿ ಮೀನಿಗೆ ಬದುಕುವ ನೀರೂ ಸಾಯುವ ನೀರೂ ಎರಡೂ ಇರಬಹುದು.

ಇದೇ ಲೆಕ್ಕವನ್ನು ತಲೆಕೆಳಗು ಮಾಡಿದರೆ ಎರಡನೆಯ ಅಂಶ ದೊರೆಯುತ್ತದೆ. ತೆಳುನೀರು ಬೇಗ ತಣಿಯುವಂತೆಯೇ ಬೇಗ ಕಾಯುತ್ತದೆ. ಕೆಸರು ಕಪ್ಪಾಗಿರುವ ಕಡೆ ಬಿಸಿಲನ್ನು ಹೀರಿ ಮೇಲಿನ ನೀರಿಗೆ ಕೊಡುತ್ತದೆ. ಆದುದರಿಂದ ವಾಯುಮುಖ ಹಾಯ್ದ ಎರಡನೆಯ ಅಥವಾ ಮೂರನೆಯ ದಿನ, ಗಾಳಿ ತಗ್ಗಿದ ಮಧ್ಯಾಹ್ನದಲ್ಲಿ, ಬೆಳಗ್ಗೆ ಒಂದು ಮೀನೂ ಇಲ್ಲದಿದ್ದ ಬಯಲೇ ಸುತ್ತಲಿನ ಕಾಲುವೆಗಿಂತ ಬೆಚ್ಚಗಿರುತ್ತದೆ.

ನೀರಿನ ಉಷ್ಣತೆಯಷ್ಟೇ ಅಲ್ಲ, ನೀರೇ ಕಡಮೆಯಾಗುತ್ತದೆ. ಉತ್ತರದ ಗಾಳಿಯು ಕೊಲ್ಲಿಯ ಮೇಲ್ನೀರನ್ನು ದಕ್ಷಿಣಕ್ಕೆ ತಳ್ಳುತ್ತದೆ. ಈ ತಳ್ಳಿಕೆಯ ಪರಿಣಾಮವು ಗಾಳಿಯ ವೇಗದ ವರ್ಗಕ್ಕೆ ಅನುಪಾತದಲ್ಲಿಯೂ ಆಳಕ್ಕೆ ವಿಲೋಮಾನುಪಾತದಲ್ಲಿಯೂ ಇರುವುದರಿಂದ ಇಂತಹ ತೆಳುನೀರಿನಲ್ಲಿ ಅದು ಬಹಳ ಹೆಚ್ಚು. ಏರಿದ ವಾಯುಭಾರವೂ ನೀರಿನ ಮಟ್ಟವನ್ನು ಸ್ವಲ್ಪ ಅದುಮುತ್ತದೆ. ಸಾಲದುದಕ್ಕೆ ಆ ಕಡಲಿನ ಮಟ್ಟವು ವರ್ಷದಲ್ಲಿ ಅತ್ಯಂತ ಕೆಳಗಿರುವುದೂ ಚಳಿಗಾಲದಲ್ಲಿಯೇ. ಶರತ್ಕಾಲದ ಮಟ್ಟಕ್ಕಿಂತ ಸುಮಾರು ಒಂದು ಗೇಣು ಕಡಮೆ. ಮೂರೂ ಒಂದುಗೂಡಿದ ಬೆಳಗ್ಗೆ ಉಬ್ಬರದ ಪಟ್ಟಿಯಲ್ಲಿ ಮುದ್ರಿಸಿದ ಅಂಕಿಗೂ ಕಣ್ಣಿಗೆ ಕಾಣುವ ನೀರಿಗೂ ಸಂಬಂಧವೇ ಇರುವುದಿಲ್ಲ. ಕೊಲ್ಲಿಯ ಒಳಭಾಗದಲ್ಲಿ ಕೆಸರು ದಿಬ್ಬಗಳು ಚಂದ್ರನ ಉಬ್ಬರವನ್ನು ತಡೆದು ಬಹುತೇಕ ಅಳಿಸಿಬಿಡುವುದರಿಂದ ಅಲ್ಲಿ ಗಾಳಿಯೇ ಉಬ್ಬರ, ಗಾಳಿಯೇ ಇಳಿತ.

ಹೀಗಿರುವಾಗ ಯಂತ್ರದ ದೋಣಿಯನ್ನು ಅಜಾಗರೂಕತೆಯಿಂದ ಓಡಿಸಿದರೆ ಅದರ ತಿರುಪು ಕಡಲಹುಲ್ಲಿನ ಬೇರನ್ನು ಉತ್ತುಹಾಕುತ್ತದೆ. ಉದ್ಯಾನದವರು ವಿಮಾನದಿಂದ ತೆಗೆದ ಛಾಯಾಚಿತ್ರಗಳನ್ನು ಪರಿಶೀಲಿಸಿ 2008ರಲ್ಲಿ ಸಿದ್ಧಪಡಿಸಿದ ವರದಿಯಲ್ಲಿ ಫ್ಲಾರಿಡಾ ಕೊಲ್ಲಿಯೊಂದರಲ್ಲೇ ಇಂತಹ ಸುಮಾರು 12,000 ಗೀರುಗಳನ್ನು ಎಣಿಸಿದರು. ಅವುಗಳ ಒಟ್ಟು ಉದ್ದ 500 ಕಿಲೋಮೀಟರಿಗೂ ಹೆಚ್ಚು. ಒಳ್ಳೆಯ ಮಾರ್ಗದರ್ಶಿ ಇಂತಹ ಸ್ಥಳದಲ್ಲಿ ಯಂತ್ರವನ್ನು ಎತ್ತಿಟ್ಟು, ದೋಣಿಯ ಹಿಂಭಾಗದಲ್ಲಿ ಯಂತ್ರದ ಮೇಲೆ ಕಟ್ಟಿದ ಅಟ್ಟಣೆಯನ್ನೇರಿ, ನಮ್ಮ ಅಂಬಿಗರಂತೆಯೇ ಉದ್ದನೆಯ ಜಲ್ಲೆ ಊರಿ ದೋಣಿಯನ್ನು ನಡೆಸುತ್ತಾನೆ. ಸದ್ದಿಲ್ಲದಿರುವುದು, ಎತ್ತರದಿಂದ ನೀರಿನೊಳಗೆ ಕಾಣುವುದು, ಹುಲ್ಲಿಗೆ ಹಾನಿಯಿಲ್ಲದಿರುವುದು, ಈ ಮೂರು ಲಾಭಗಳೂ ಆ ಒಂದು ಜಲ್ಲೆಯಿಂದ ಬರುತ್ತವೆ.

ಈಗ ಮೀನುಗಳ ವಿಷಯಕ್ಕೆ ಬರೋಣ. ದಕ್ಷಿಣ ಫ್ಲಾರಿಡಾದ ಹಿನ್ನೀರಿನಲ್ಲಿ ಎರಡು ಪ್ರಾಣಿಸಮೂಹಗಳು ಒಂದರ ಮೇಲೊಂದು ಹಾಸಿದಂತೆ ಇವೆ. ಒಂದು ಉಷ್ಣವಲಯದ್ದು: ಸ್ನೂಕ್, ಟಾರ್ಪನ್, ಬೋನ್‌ಫಿಷ್ ಮೊದಲಾದುವು. ಇವು ಕೆರಿಬಿಯನ್ ಕಡಲಿನ ಜೀವಿಗಳು. ಫ್ಲಾರಿಡಾ ಇವುಗಳ ನೆಲೆಯ ಉತ್ತರದ ಅಂಚಿನ ಹತ್ತಿರ. ಇನ್ನೊಂದು ಸಮಶೀತೋಷ್ಣವಲಯದ್ದು: ರೆಡ್ ಡ್ರಮ್, ಬ್ಲ್ಯಾಕ್ ಡ್ರಮ್, ಚುಕ್ಕೆಗಳ ಸೀಟ್ರೌಟ್, ಶೀಪ್ಸ್‌ಹೆಡ್. ಇವುಗಳಲ್ಲಿ ಕೆಲವಕ್ಕೆ ಫ್ಲಾರಿಡಾ ನೆಲೆಯ ದಕ್ಷಿಣದ ಅಂಚಿನ ಹತ್ತಿರ. ಬೇಸಗೆಯಲ್ಲಿ ಎರಡೂ ಗುಂಪುಗಳು ಒಂದೇ ಕಾಂಡ್ಲಾ ಬೇರಿನ ಕೆಳಗೆ ಬೇಟೆಯಾಡುವುದರಿಂದ ಈ ಭೇದ ಕಣ್ಣಿಗೆ ಬೀಳುವುದಿಲ್ಲ. ಶೀತ ವಾಯುಮುಖವು ಒಂದೇ ರಾತ್ರಿಯಲ್ಲಿ ಅವೆರಡನ್ನೂ ಬೇರ್ಪಡಿಸಿ ತೋರಿಸುತ್ತದೆ. ಪ್ರಯೋಗಶಾಲೆಯಲ್ಲಿ ಮಾಡಬೇಕಾದ ಪ್ರಯೋಗವನ್ನು ಪ್ರಕೃತಿಯೇ ಮಾಡಿಕೊಡುತ್ತದೆ ಎಂದರೂ ಸಲ್ಲುತ್ತದೆ.

ನಮ್ಮ ವಿದ್ಯಾರ್ಥಿಗಳಿಗೆ ಈ ಮೀನುಗಳ ಬಾಂಧವ್ಯವನ್ನು ಹೇಳುವುದು ಉಪಯುಕ್ತವಾಗಬಹುದು. ಸ್ನೂಕ್ ಮೀನಿನ ಶಾಸ್ತ್ರೀಯ ನಾಮ ಸೆಂಟ್ರೊಪೋಮಸ್ ಅಂಡೆಸಿಮಾಲಿಸ್. ನಮ್ಮ ಕರಾವಳಿಯ ಅಳಿವೆಗಳಲ್ಲಿ ದೊರೆಯುವ ಲೇಟಸ್ ಕ್ಯಾಲ್ಕರಿಫರ್ ಎಂಬ ಸೀಬಾಸ್ ಮೀನನ್ನು ಹಿಂದಿನ ವರ್ಗೀಕರಣದಲ್ಲಿ ಇದೇ ಕುಟುಂಬದಲ್ಲಿ ಸೇರಿಸಿದ್ದರು. ಈಗ ಬೇರೆ ಕುಟುಂಬವಾಗಿ ಎಣಿಸುತ್ತಾರೆ. ಎರಡರ ಜೀವನಕ್ರಮದಲ್ಲೂ ಹೋಲಿಕೆಯುಂಟು: ಸಿಹಿನೀರು ಉಪ್ಪುನೀರುಗಳೆರಡರಲ್ಲಿಯೂ ಬದುಕುವುದು, ಮೊದಲು ಗಂಡಾಗಿದ್ದು ಬೆಳೆದ ಬಳಿಕ ಹೆಣ್ಣಾಗುವುದು. ಡ್ರಮ್ ಮತ್ತು ಸೀಟ್ರೌಟ್‌ಗಳು ದಕ್ಷಿಣ ಕನ್ನಡದವರು ಕೊಡ್ಡಾಯಿ ಎನ್ನುವ ಮೀನಿನ ಕುಟುಂಬದವು. ಟಾರ್ಪನ್‌ಗೂ ನಮ್ಮ ಸಮುದ್ರಗಳಲ್ಲಿ ಚಿಕ್ಕದೊಂದು ಸಹಜಾತಿಯುಂಟು.

ಸ್ನೂಕ್ ಶೀತವನ್ನು ಸಹಿಸುವ ಮಿತಿಯನ್ನು ಪ್ರಯೋಗಗಳಿಂದ ಸಾಕಷ್ಟು ಖಚಿತವಾಗಿ ತಿಳಿದಿದೆ. ನೀರು ಸುಮಾರು 14 ಡಿಗ್ರಿ ಸೆಂಟಿಗ್ರೇಡಿಗೆ ಇಳಿದಾಗ ಅದು ಮೇವು ಬಿಡುತ್ತದೆ. ಇನ್ನೂ ಒಂದೆರಡು ಡಿಗ್ರಿ ಕೆಳಗಿಳಿದರೆ ಸಮತೋಲ ತಪ್ಪಿ ಮಗ್ಗುಲಾಗುತ್ತದೆ. ಆ ಸ್ಥಿತಿ ಮುಂದುವರಿದರೆ ಸಾಯುತ್ತದೆ. ಮೇವು ಬಿಡುವುದಕ್ಕೂ ಪ್ರಾಣ ಬಿಡುವುದಕ್ಕೂ ನಡುವೆ ಇರುವ ಅಂತರ ಇಷ್ಟು ಕಿರಿದು ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ರೆಡ್ ಡ್ರಮ್‌ನಂತಹ ಮೀನುಗಳಿಗೆ ಇದೇ ಉಷ್ಣತೆ ಬರಿಯ ಮಾಂದ್ಯವನ್ನು ತರುತ್ತದೆ. ಶೀಪ್ಸ್‌ಹೆಡ್ ಅಂತೂ ಚಳಿಗಾಲದ ಕೊನೆಗೆ ಮೊಟ್ಟೆಯಿಡುವ ಮೀನಾದುದರಿಂದ ಈ ತಣ್ಣೀರಿನಲ್ಲಿಯೇ ಚುರುಕಾಗಿರುತ್ತದೆ.

ಇಲ್ಲಿ ಗಾಳದವರಲ್ಲಿ ಪ್ರಚಾರದಲ್ಲಿರುವ ಒಂದು ನಂಬಿಕೆಯನ್ನು ಪರಿಶೀಲಿಸುವುದು ಅಪ್ರಸ್ತುತವಾಗದು. ವಾಯುಮುಖಕ್ಕೆ ಮುನ್ನ ಮೀನುಗಳು ಹಸಿದವರಂತೆ ಎರೆಯ ಮೇಲೆ ಬೀಳುತ್ತವೆ, ಹಾಯ್ದ ಮೇಲೆ ಬಾಯಿ ಮುಚ್ಚುತ್ತವೆ ಎಂಬುದು ಎಲ್ಲರ ಅನುಭವ. ಇದಕ್ಕೆ ವಾಯುಭಾರದ ಏರಿಳಿತವೇ ಕಾರಣವೆಂದೂ ಮೀನು ತನ್ನ ಗಾಳಿಚೀಲದಿಂದ ಅದನ್ನು ಅರಿಯುತ್ತದೆಂದೂ ಹೇಳುವುದು ವಾಡಿಕೆ. ಅನುಭವ ನಿಜ, ವಿವರಣೆ ಸಂದೇಹಾಸ್ಪದ. ವಾಯುಭಾರದಲ್ಲಿ ಒಂದು ಮಿಲಿಬಾರ್ ವ್ಯತ್ಯಾಸವು ನೀರಿನಲ್ಲಿ ಹೆಚ್ಚುಕಡಮೆ ಒಂದು ಸೆಂಟಿಮೀಟರು ಆಳದ ವ್ಯತ್ಯಾಸಕ್ಕೆ ಸಮ. ಬಲವಾದ ವಾಯುಮುಖವೊಂದು ಹಾಯುವಾಗ ಹತ್ತು ಹದಿನೈದು ಮಿಲಿಬಾರ್ ವ್ಯತ್ಯಾಸವಾದರೂ ಅದು ಮೀನಿಗೆ ಹತ್ತು ಹದಿನೈದು ಸೆಂಟಿಮೀಟರು ಮೇಲೆ ಕೆಳಗೆ ಈಜಿದಷ್ಟು ಮಾತ್ರ. ಅಷ್ಟು ಈಜಾಟವನ್ನು ಅದು ಗಳಿಗೆಗೊಮ್ಮೆ ಮಾಡುತ್ತದೆ. ಉಬ್ಬರ ಇಳಿತಗಳು ಅದಕ್ಕಿಂತ ಹೆಚ್ಚು ಒತ್ತಡಭೇದವನ್ನು ದಿನದಿನವೂ ತರುತ್ತವೆ. ಆದುದರಿಂದ ವಾಯುಮುಖಕ್ಕೆ ಮುನ್ನ ಬೆಚ್ಚನೆಯ ದಕ್ಷಿಣದ ಗಾಳಿ, ಮೋಡದಿಂದ ಕುಂದಿದ ಬೆಳಕು, ಕಲಕಿದ ನೀರು ಇವು ಬೇಟೆಗಾರ ಮೀನಿಗೆ ಅನುಕೂಲವಾಗಿರುವುದನ್ನೂ, ಅನಂತರ ಉಷ್ಣತೆ ಬಿದ್ದು ಜೀವಕ್ರಿಯೆಯೇ ಕುಗ್ಗುವುದನ್ನೂ ಕಾರಣವಾಗಿ ಎಣಿಸುವುದು ಹೆಚ್ಚು ಸಮಂಜಸ. ವಾಯುಭಾರಮಾಪಕವು ಮುನ್ಸೂಚನೆಯನ್ನು ಕೊಡುತ್ತದೆ, ನಿಜ. ಆದರೆ ಅದು ಮನುಷ್ಯನಿಗೆ ಕೊಡುವ ಸೂಚನೆ.

ಮಾರ್ಗದರ್ಶಿಯ ದಿನಚರಿಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅವನ ಪ್ರತಿಯೊಂದು ನಿರ್ಧಾರಕ್ಕೂ ಕಾರಣ ಕಾಣುತ್ತದೆ. ಅವನು ಕಡಲ ಕಾವಲು ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಆರು ಮಂದಿಯವರೆಗೆ ಬಾಡಿಗೆಗೆ ಕರೆದೊಯ್ಯುವ ಪರವಾನಗಿ ಪಡೆದವನು. ಉದ್ಯಾನದಲ್ಲಿ ಕಸುಬು ನಡೆಸಲು ಪ್ರತ್ಯೇಕ ಅನುಮತಿಯೂ ಬೇಕು. ದೋಣಿ ಚಿಕ್ಕದಾದುದರಿಂದ ವಾಸ್ತವವಾಗಿ ಇಬ್ಬರಿಗಿಂತ ಹೆಚ್ಚು ಜನ ಹಿಡಿಸುವುದಿಲ್ಲ. ಉತ್ತರದ ರಾಜ್ಯಗಳ ಹಿಮದಿಂದ ತಪ್ಪಿಸಿಕೊಂಡು ಬರುವ ಪ್ರವಾಸಿಯು ತಿಂಗಳುಗಳ ಮುಂಚೆಯೇ ದಿನ ಗೊತ್ತುಮಾಡಿರುತ್ತಾನೆ. ವಾಯುಮುಖ ಯಾವ ದಿನ ಬರುವುದೆಂದು ಅವನು ಬಲ್ಲನೆ? ಬಂದವನ ಬಾಯಲ್ಲಿ ಬಹುತೇಕ ಒಂದೇ ಮಾತು: ಸ್ನೂಕ್ ಹಿಡಿಯಬೇಕು, ಇಲ್ಲವೆ ಟಾರ್ಪನ್. ಗಾಳಿ ವಾಯವ್ಯಕ್ಕೆ ತಿರುಗಿದ ಬೆಳಗ್ಗೆ ಅದನ್ನು ಈಡೇರಿಸುವುದು ಕಷ್ಟವೆಂದು ಹೇಳಿ ಮನವೊಲಿಸುವುದು ಮಾರ್ಗದರ್ಶಿಯ ಮೊದಲ ಕೆಲಸ. ಆ ದಿನ ಅವನು ತೆರೆದ ಬಯಲನ್ನು ಬಿಟ್ಟು ನದಿಗಳ ಒಳಕ್ಕೆ, ಕಾಂಡ್ಲಾ ಗೋಡೆಯ ಮರೆಗೆ ಹೋಗುತ್ತಾನೆ. ಹೊರತಿರುವುಗಳಲ್ಲಿ ಪ್ರವಾಹ ಕೊರೆದ ಗುಂಡಿಗಳನ್ನು ಹುಡುಕುತ್ತಾನೆ. ಸಿಹಿನೀರಿನ ಕೆಳಗೆ ಭಾರವಾದ ಉಪ್ಪುನೀರು ತಂಗಿರುವ ಗುಂಡಿಯಲ್ಲಿ ತಳದ ನೀರು ಮೇಲಿನದಕ್ಕಿಂತ ಬೆಚ್ಚಗಿರುವುದುಂಟು. ಅಲ್ಲಿ ಸಿಗಡಿಯ ತುಂಡನ್ನು ಗಾಳಕ್ಕೆ ಸಿಕ್ಕಿಸಿ ತಳದಲ್ಲಿ ಬಿಟ್ಟು ಶೀಪ್ಸ್‌ಹೆಡ್, ಬ್ಲ್ಯಾಕ್ ಡ್ರಮ್, ಬೂದುಬಣ್ಣದ ಸ್ನಾಪರ್ ಮೀನುಗಳನ್ನು ಹಿಡಿಸುತ್ತಾನೆ. ಬೇಸಗೆಯಲ್ಲಿ ಓಡಿಸುತ್ತಿದ್ದ ಕೃತಕ ಎರೆಯನ್ನು ಈಗ ಎಳೆಯುವುದೋ ಎಳೆಯದಿರುವುದೋ ಎಂಬಷ್ಟು ನಿಧಾನವಾಗಿ ಎಳೆಯಬೇಕು. ಮೀನಿನ ದೇಹದ ಉಷ್ಣತೆ ನೀರಿನದೇ ಆದುದರಿಂದ, ನೀರು ತಣಿದಾಗ ಅದಕ್ಕೆ ಆಹಾರದ ಅವಶ್ಯಕತೆಯೂ ಕಡಮೆ, ಬೆನ್ನಟ್ಟುವ ಶಕ್ತಿಯೂ ಕಡಮೆ. ಹೆಬ್ಬಾಗಿಲಿಗೆ ಬಂದ ಭಿಕ್ಷೆಯನ್ನು ಮಾತ್ರ ಅದು ಸ್ವೀಕರಿಸುತ್ತದೆ.

ಎರಡನೆಯ ದಿನ ಬೆಳಗ್ಗೆ ಹೊರಡಲು ಅವಸರವಿಲ್ಲ. ನೀರು ಅತ್ಯಂತ ತಣ್ಣಗಿರುವುದೂ ಬಹುಶಃ ಅತ್ಯಂತ ಕಡಮೆಯಿರುವುದೂ ಆಗಲೇ. ಹತ್ತು ಗಂಟೆಯ ಮೇಲೆ ಹೊರಟು, ಗಾಳಿಯ ಮರೆಯಲ್ಲಿರುವ, ಬಿಸಿಲಿಗೆ ಒಡ್ಡಿಕೊಂಡ ಕಪ್ಪು ಕೆಸರಿನ ಮೂಲೆಗಳನ್ನು ಜಲ್ಲೆಯೂರಿ ಸೋಸುತ್ತಾನೆ. ಮಧ್ಯಾಹ್ನದ ಉಬ್ಬರವು ಕಾದ ಬಯಲಿನ ಮೇಲೆ ಏರಿದಾಗ ರೆಡ್ ಡ್ರಮ್‌ಗಳು ಬೆನ್ನು ಕಾಣುವಷ್ಟು ತೆಳುನೀರಿಗೆ ಬರುತ್ತವೆ. ಮೂರನೆಯ ದಿನ, ಗಾಳಿ ಪೂರ್ವಕ್ಕೆ ತಿರುಗಿದರೆ, ಸ್ನೂಕ್ ಕೂಡ ತೊರೆಯಿಂದ ಹೊರಬಂದು ಮರದ ಕೊರಡಿನಂತೆ ಬಿಸಿಲಿಗೆ ಮಲಗಿರುವುದನ್ನು ಅಟ್ಟಣೆಯ ಮೇಲಿಂದ ಕಾಣಬಹುದು. ಕಣ್ಣಿಗೆ ಕಂಡ ಮಾತ್ರಕ್ಕೆ ಅದು ಎರೆ ತಿನ್ನುವುದೆಂದಲ್ಲ. ಇನ್ನೂ ಒಂದು ಡಿಗ್ರಿ ಏರಲೆಂದು ಕಾಯುವ ತಾಳ್ಮೆ ಎಷ್ಟು ಜನ ಪ್ರವಾಸಿಗಳಿಗಿರುತ್ತದೆ ಎಂಬುದು ಬೇರೆ ಮಾತು.

ಇದರಲ್ಲಿ ಒಂದು ನೈತಿಕ ಸಮಸ್ಯೆಯೂ ಅಡಗಿದೆ. ತೀವ್ರ ಶೀತದಲ್ಲಿ ಉಷ್ಣವಲಯದ ಮೀನುಗಳು ಅಲ್ಲೊಂದು ಇಲ್ಲೊಂದು ಬೆಚ್ಚನೆಯ ಗುಂಡಿಯಲ್ಲಿ, ಅಗೆದ ಕಾಲುವೆಯಲ್ಲಿ, ನದಿಯ ಮೇಲ್ತೊರೆಯಲ್ಲಿ ನೂರಾರು ಸಂಖ್ಯೆಯಲ್ಲಿ ಒತ್ತಾಗಿ ಸೇರುತ್ತವೆ. ಆ ಆಶ್ರಯಸ್ಥಾನಗಳು ಯಾವುವೆಂಬುದು ಅನುಭವಿ ಮಾರ್ಗದರ್ಶಿಗೆ ಗೊತ್ತು. ಅವನ ಕಸುಬಿನ ಬಂಡವಾಳವೇ ಅದು. ಆದರೆ ಅಲ್ಲಿರುವುದು ಬಳಲಿದ ಮೀನು. ಹಿಡಿದು ಬಿಟ್ಟರೂ, ಹೋರಾಟದಲ್ಲಿ ಸೋತ ಮೀನು ಚೇತರಿಸಿಕೊಳ್ಳುವುದು ತಣ್ಣೀರಿನಲ್ಲಿ ನಿಧಾನ. ಕಾನೂನು ಈ ಸಮಸ್ಯೆಯನ್ನು ಅರೆಬರೆಯಾಗಿ ಮಾತ್ರ ಬಗೆಹರಿಸಿದೆ. ಸ್ನೂಕ್ ಮೀನಿನ ಮಾರಾಟ 1957ರಿಂದಲೇ ನಿಷಿದ್ಧ; ಉದ್ಯಾನದೊಳಗೆ ಬಲೆಯ ವ್ಯಾಪಾರಿ ಮೀನುಗಾರಿಕೆ 1985ರ ಕೊನೆಯಲ್ಲಿ ನಿಂತಿತು; ನಡುಚಳಿಗಾಲದಲ್ಲಿ ಸ್ನೂಕ್ ಅನ್ನು ಮನೆಗೊಯ್ಯುವಂತಿಲ್ಲ. ಹಿಡಿದು ಬಿಡುವುದಕ್ಕೆ ಮಾತ್ರ ತಡೆಯಿಲ್ಲ. ಗುಂಡಿಯ ಬಳಿ ದೋಣಿ ನಿಲ್ಲಿಸುವುದೋ ಬಿಡುವುದೋ ಎಂಬುದು ಮಾರ್ಗದರ್ಶಿಯ ಅಂತಃಕರಣಕ್ಕೆ ಬಿಟ್ಟ ವಿಷಯ. ದಿನದ ಕೂಲಿ ಕೊಟ್ಟವನು ದೋಣಿಯ ಮುಂತುದಿಯಲ್ಲಿ ನಿಂತಿರುವಾಗ ಆ ಅಂತಃಕರಣದ ಮೇಲೆ ಬೀಳುವ ಭಾರ ಸಾಮಾನ್ಯವಾದುದಲ್ಲ.

2010ರ ಜನವರಿಯಲ್ಲಿ ಈ ಪ್ರಶ್ನೆ ಎಲ್ಲರ ಎದುರಿಗೂ ಬಂದು ನಿಂತಿತು. ತಿಂಗಳ ಮೊದಲ ಎರಡು ವಾರ, ಒಂದು ವಾಯುಮುಖದ ಶೀತ ಕಳೆಯುವ ಮೊದಲೇ ಇನ್ನೊಂದು ಬಂದು, ನೀರು ಕಾಯಲು ಎಡೆಯೇ ಸಿಗಲಿಲ್ಲ. ಸಾಮಾನ್ಯವಾಗಿ ಜನವರಿಯಲ್ಲಿ 20 ಡಿಗ್ರಿಯ ಆಸುಪಾಸಿನಲ್ಲಿರುವ ಫ್ಲಾರಿಡಾ ಕೊಲ್ಲಿಯ ನೀರು 10 ಡಿಗ್ರಿಗಿಂತ ಕೆಳಗಿಳಿಯಿತು. ಸ್ನೂಕ್, ಟಾರ್ಪನ್, ಬೋನ್‌ಫಿಷ್‌ಗಳು ಅಪಾರ ಸಂಖ್ಯೆಯಲ್ಲಿ ಸತ್ತು ತೇಲಿದುವು. ಶೀತದಿಂದ ಮರಗಟ್ಟಿದ 4,500ಕ್ಕೂ ಹೆಚ್ಚು ಕಡಲಾಮೆಗಳು ಆ ರಾಜ್ಯದ ಕರಾವಳಿಯಲ್ಲಿ ದೊರೆತುವು. ಕೀಸ್ ದ್ವೀಪಗಳ ಬಳಿ ಹವಳದ ದಿಬ್ಬಗಳೂ ಮಡಿದುವು. ಸರ್ಕಾರವು ಆ ತಿಂಗಳಲ್ಲಿಯೇ ತುರ್ತು ಆಜ್ಞೆ ಹೊರಡಿಸಿ ಸ್ನೂಕ್ ಹಿಡಿದಿಟ್ಟುಕೊಳ್ಳುವುದರ ನಿಷೇಧವನ್ನು ವಿಸ್ತರಿಸಿತು. ಟಾರ್ಪನ್ ಮತ್ತು ಬೋನ್‌ಫಿಷ್‌ಗಳಿಗೂ ತಾತ್ಕಾಲಿಕ ನಿಷೇಧ ಹಾಕಿತು. ಅಟ್ಲಾಂಟಿಕ್ ಕರೆಯಲ್ಲಿ ಸ್ನೂಕ್ ನಿಷೇಧವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೆರವಾಯಿತು. ಮೆಕ್ಸಿಕೊ ಕೊಲ್ಲಿಯ ಕರೆಯಲ್ಲಿ 2013ರ ಸೆಪ್ಟೆಂಬರಿನವರೆಗೂ ಉಳಿಯಿತು. ಹೆಣ್ಣುಮೀನುಗಳೆಲ್ಲ ದೊಡ್ಡ ಮೀನುಗಳೇ ಆಗಿರುವ ಜಾತಿಯಲ್ಲಿ ದೊಡ್ಡ ಮೀನು ಸತ್ತಿತೆಂದರೆ ಮುಂದಿನ ವರ್ಷಗಳ ಮೊಟ್ಟೆಯೂ ಹೋಯಿತೆಂದೇ ಅರ್ಥ. ಆದುದರಿಂದ ಮೂರು ವರ್ಷಗಳ ಎಚ್ಚರಿಕೆ ಅತಿಯಾಯಿತೆಂದು ನಮಗೆ ತೋರುವುದಿಲ್ಲ. ದಕ್ಷಿಣ ಫ್ಲಾರಿಡಾದ ಐದು ಅಳಿವೆಗಳನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸ್ನೂಕ್ ಚೇತರಿಸಿಕೊಂಡ ರೀತಿ ಒಂದೊಂದು ಅಳಿವೆಯಲ್ಲಿ ಒಂದೊಂದು ಬಗೆಯಾಗಿತ್ತು.

ಹವೆ ಒಟ್ಟಿನಲ್ಲಿ ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ಸ್ನೂಕ್ ತನ್ನ ನೆಲೆಯನ್ನು ಉತ್ತರಕ್ಕೆ, ಸೀಡರ್ ಕೀ ಎಂಬ ಸ್ಥಳದವರೆಗೂ ವಿಸ್ತರಿಸಿದೆ. ಕಾಂಡ್ಲಾ ಗಿಡವೂ ಉತ್ತರಕ್ಕೆ ಹಬ್ಬುತ್ತಿದೆ. ಆದರೆ ಸರಾಸರಿಯ ಏರಿಕೆಯು ವಿರಳವಾದ ಒಂದು ತೀವ್ರ ಘಟನೆಯ ವಿರುದ್ಧ ಭರವಸೆಯಲ್ಲ. ಹತ್ತು ಬೆಚ್ಚನೆಯ ಚಳಿಗಾಲಗಳಲ್ಲಿ ಮುಂದೊತ್ತಿದ ಗಡಿಯನ್ನು ಹತ್ತು ತಣ್ಣನೆಯ ರಾತ್ರಿಗಳು ಹಿಂದಕ್ಕೆ ತಳ್ಳಬಲ್ಲುವು.

ಕೊನೆಯದಾಗಿ, ಸಂಶೋಧಕರಿಗೆ ಈ ಕಸುಬಿನಿಂದ ದೊರೆಯುವ ಸಾಮಗ್ರಿಯ ವಿಷಯ. ಎವರ್‌ಗ್ಲೇಡ್ಸ್ ಉದ್ಯಾನದಲ್ಲಿ ಗಾಳದವರು ಹಿಡಿದ ಮೀನಿನ ಲೆಕ್ಕವನ್ನು 1958ರಿಂದ ಬರೆದಿಡುತ್ತ ಬಂದಿದ್ದಾರೆ. ಮಾರ್ಗದರ್ಶಿಗಳೂ ತಮ್ಮ ಪ್ರಯಾಣಗಳ ವರದಿಯನ್ನು ಒಪ್ಪಿಸಬೇಕು. ಇಂತಹ ವರದಿಗಳ ದೀರ್ಘ ಸರಣಿಯನ್ನು ಆಧರಿಸಿ ಫ್ಲಾರಿಡಾ ಅಂತರರಾಷ್ಟ್ರೀಯ ವಿಶ್ವವಿದ್ಯಾನಿಲಯದ ಸಂಶೋಧಕರು ಬೋನ್‌ಫಿಷ್ ಸಂತತಿಯ ಇಳಿತವನ್ನು 2017ರಲ್ಲಿ ನಿರೂಪಿಸಿದರು. ಆ ಮೀನನ್ನು ಬಲೆ ಹಾಕಿ ಎಣಿಸಿದ ಬೇರೆ ದಾಖಲೆ ಅವರಿಗೆ ಸಾಕಷ್ಟು ಇರಲಿಲ್ಲ.

ಆದರೆ ಈ ಸಾಮಗ್ರಿಯನ್ನು ಬಳಸುವಾಗ ಒಂದು ತೊಡಕುಂಟು. ಗಂಟೆಯೊಂದಕ್ಕೆ ಹಿಡಿದ ಮೀನಿನ ಸಂಖ್ಯೆಯನ್ನು ನೀರಿನಲ್ಲಿರುವ ಮೀನಿನ ಸಂಖ್ಯೆಗೆ ಅನುಪಾತವೆಂದು ಭಾವಿಸುವುದು ರೂಢಿ. ಚಳಿಗಾಲದಲ್ಲಿ ಈ ಭಾವನೆ ಎರಡು ಕಡೆಯಿಂದಲೂ ಕುಸಿಯುತ್ತದೆ. ನೀರು 14 ಡಿಗ್ರಿಗೆ ಇಳಿದ ದಿನ ದೋಣಿಯ ಕೆಳಗೆ ನೂರು ಸ್ನೂಕ್ ಇದ್ದರೂ ಗಾಳಕ್ಕೆ ಒಂದೂ ಬೀಳದಿರಬಹುದು. ಎರಡು ಡಿಗ್ರಿ ಏರಿದ ದಿನ, ಇಡೀ ನದಿಯ ಮೀನು ಒಂದೇ ಗುಂಡಿಯಲ್ಲಿ ಸೇರಿರುವಾಗ, ಸಂತತಿ ಅರ್ಧಕ್ಕೆ ಇಳಿದಿದ್ದರೂ ಗಾಳ ತುಂಬಿ ಬರಬಹುದು. ಮಾರ್ಗದರ್ಶಿಯ ಜಾಣ್ಮೆಯೇ ಇಲ್ಲಿ ದೋಷದ ಮೂಲ: ಅವನು ಯಾದೃಚ್ಛಿಕವಾಗಿ ಗಾಳ ಹಾಕುವವನಲ್ಲ, ಮೀನಿರುವಲ್ಲಿಗೇ ಹೋಗುವವನು, ಸ್ನೂಕ್ ಸಿಗದ ದಿನ ಶೀಪ್ಸ್‌ಹೆಡ್‌ಗೆ ತಿರುಗುವವನು. ಆದುದರಿಂದ ಅವನ ವರದಿಯಲ್ಲಿ ಸ್ನೂಕ್ ಸೊನ್ನೆ ಎಂದಿದ್ದರೆ ಅದು ಹುಡುಕಿಯೂ ಸಿಗದ ಸೊನ್ನೆಯೋ ಹುಡುಕದೆಯೇ ಬಿಟ್ಟ ಸೊನ್ನೆಯೋ ಎಂದು ಮೊದಲು ಕೇಳಬೇಕು. ಪ್ರತಿಯೊಂದು ಪ್ರಯಾಣದ ದಿನಾಂಕವನ್ನೂ ಆ ದಿನದ ನೀರಿನ ಉಷ್ಣತೆ, ಗಾಳಿಯ ದಿಕ್ಕು, ಹಿಂದಿನ ವಾಯುಮುಖ ಹಾಯ್ದು ಕಳೆದ ದಿನಗಳು ಇವುಗಳೊಡನೆ ಕೂಡಿಸಿ, ಅಂದು ಯಾವ ಮೀನನ್ನು ಉದ್ದೇಶಿಸಿ ಹೊರಟದ್ದೆಂಬುದನ್ನೂ ಸೇರಿಸಿಕೊಂಡರೆ ತೊಡಕು ಬಹುಮಟ್ಟಿಗೆ ಬಿಡುತ್ತದೆ. ನಮ್ಮ ಅಳಿವೆಗಳಲ್ಲಿ ಶೀತ ವಾಯುಮುಖವಿಲ್ಲದಿದ್ದರೂ ಮುಂಗಾರಿನ ಮೊದಲ ಪ್ರವಾಹವಿದೆ. ಉಪ್ಪುನೀರು ಒಂದೇ ವಾರದಲ್ಲಿ ಸಿಹಿಯಾಗಿ ಮೀನು ಸಿಗಡಿಗಳು ಜಾಗ ಬದಲಿಸುವ ಆ ದಿನಗಳ ಹಿಡುವಳಿಯನ್ನು ಓದುವಾಗಲೂ ಗಾಳ ಹಾಕಿದವನು ಎಲ್ಲಿ, ಏನನ್ನು ಹುಡುಕಿ ಹೋಗಿದ್ದನೆಂದು ಬರೆದಿಟ್ಟಿದ್ದರೆ ಮಾತ್ರ ಅಂಕಿಗಳಿಂದ ಏನನ್ನಾದರೂ ಹೇಳಲು ಸಾಧ್ಯ.